ನಡೆದು ಹೋಗುವವರ ಕಾರ್ಡು

ರಸ್ತೆ ಕಾಣಬೇಕಾದರೆ ರಸ್ತೆಯನ್ನು ನೋಡಬಾರದು ಎಂಬುದನ್ನು ವರ್ನನ್ ರಾಡ್ಕೆ ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿತುಕೊಂಡಿದ್ದ. ನೇರಕ್ಕೆ ನೋಡಿದರೆ, ನೋಡಿದ ಜಾಗದಲ್ಲೇ ಒಂದು ಬೂದು ಕಲೆ ಬಂದು ಕೂರುತ್ತಿತ್ತು. ಕನ್ನಡಕ ಒರೆಸಿದರೆ ಹೋಗುವ ಕಲೆಯಲ್ಲ ಅದು. ಮುಖವನ್ನು ಕೊಂಚ ಬಲಕ್ಕೆ ತಿರುಗಿಸಿದರೆ ಕಲೆಯೂ ಬಲಕ್ಕೆ ಸರಿದು, ಎಡಗಣ್ಣಿನ ಅಂಚಿನಲ್ಲಿ ರಸ್ತೆಯ ಬಿಳಿ ಗೆರೆ, ಕೊಯ್ಲು ಮುಗಿದ ಜೋಳದ ಹೊಲ, ಎದುರಿಗೆ ಬರುವ ಹಾಲಿನ ಲಾರಿ ಎಲ್ಲಾ ಒಂದೊಂದಾಗಿ ಮೂಡುತ್ತಿದ್ದವು. ತೊಂದರೆಯೇನೆಂದರೆ, ಅಮೆರಿಕದ ಕಾರುಗಳಲ್ಲಿ ಸ್ಟಿಯರಿಂಗು ಎಡಕ್ಕಿರುವುದರಿಂದ, ಬಲಗಡೆ ಪಕ್ಕದ ಸೀಟಿನಲ್ಲಿ ಆರ್ಲಿಸ್ ಹಾಫ್‌ಸ್ಟಡ್ ಕೂತಿರುತ್ತಿದ್ದಳು. ಜೂನ್ ತಿಂಗಳಿಂದ ಪ್ರತಿ ಶುಕ್ರವಾರ ಸಂಜೆ ಹದಿನಾಲ್ಕು ಮೈಲಿ ಉದ್ದಕ್ಕೂ ಈ ಮನುಷ್ಯ ತನ್ನ ಕಡೆಗೇ ಮುಖ ತಿರುಗಿಸಿಕೊಂಡು ಕಾರು ಓಡಿಸುವುದನ್ನು ಅವಳು ಗಮನಿಸಿದ್ದಳು. ಮೊದಲು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದವಳು ಜುಲೈನಲ್ಲಿ ಕೂದಲು ಕತ್ತರಿಸಿಕೊಂಡು ಬಂದಳು, ಆಗಸ್ಟಿನಲ್ಲಿ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ವರ್ನನ್‌ನಿಗೆ ಆ ಬಣ್ಣ ಕಂಡಿರಲಿಲ್ಲ. ಹಿಂದಿನ ಸೀಟಿನಿಂದ ಗಾರ್ಡಿ ಹೇಳಿದ ಮೇಲೆ ಗೊತ್ತಾಯಿತು.

"ಏ ವರ್ನ್, ರೋಡು ಅವಳ ಮುಖದ ಮೇಲಿಲ್ಲ ಕಣೋ. ಮುಂದೆ ನೋಡ್ಕೊಂಡು ಓಡ್ಸು," ಎಂದು ಗಾರ್ಡಿ ಇವತ್ತೂ ಹೇಳಿದ. ನಲವತ್ತು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದ ಗಾರ್ಡಿ, ಹೊಸ ಮೊಣಕಾಲು ಹಾಕಿಸಿಕೊಂಡ ಮೇಲೆ ಸ್ವಂತ ಕಾರನ್ನು ಮುಟ್ಟಿರಲಿಲ್ಲ. ಅವನ ಹೆಂಡತಿ ಬೆವ್ ಓಡಿಸುತ್ತಿದ್ದಳು, ಆದರೆ ಮಧ್ಯಾಹ್ನ ಮೂರರ ಒಳಗೆ, ಅದೂ ಚರ್ಚಿಗೆ ಮತ್ತು ದಿನಸಿ ಅಂಗಡಿಗೆ ಮಾತ್ರ. "ನೋಡ್ಲಿ ಬಿಡಿ, ನಿಮಗ್ಯಾಕೆ ಹೊಟ್ಟೆಕಿಚ್ಚು," ಎಂದಳು ಬೆವ್. ಆರ್ಲಿಸ್ ಹುಟ್ಟಿದಾಗಿನಿಂದ ಕಾರು ಓಡಿಸಿದವಳಲ್ಲ. ಮೊದಲು ಗಂಡ ಡೆಲ್ಮರ್ ಓಡಿಸುತ್ತಿದ್ದ, ಆಮೇಲೆ ಚರ್ಚಿನ ವ್ಯಾನು, ಈಗ ಎರಡು ವರ್ಷದಿಂದ ಶುಕ್ರವಾರಗಳ ಮಟ್ಟಿಗೆ ವರ್ನನ್. ಹೀಗೆ ನಾಲ್ವರ ಶುಕ್ರವಾರವೂ ವರ್ನನ್‌ನ ಎರಡು ಕಣ್ಣುಗಳ ಮೇಲೆ ನಿಂತಿತ್ತು. ಆ ಕಣ್ಣುಗಳನ್ನು ಸರ್ಕಾರ ಮೂರು ವಾರದ ಕೆಳಗೆ ತಿರಸ್ಕರಿಸಿತ್ತು. ಅದು ಕಾರಿನಲ್ಲಿದ್ದ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ತಿಳಿದಿತ್ತು, ಆ ಒಬ್ಬನೇ ಸ್ಟಿಯರಿಂಗ್ ಹಿಡಿದಿದ್ದ.

ಮೂವತ್ತೊಂದು ವರ್ಷ ಅವನು ಲೈಸೆನ್ಸ್ ಆಫೀಸಿನಲ್ಲಿ ಪರೀಕ್ಷಕನಾಗಿದ್ದವನು. ವಿಸ್ಕಾನ್ಸಿನ್‌ನ ಈ ಮೂಲೆಯಲ್ಲಿ ಮೂವತ್ತರಿಂದ ಅರವತ್ತರೊಳಗಿನ ಅರ್ಧಕ್ಕರ್ಧ ಜನ ಹದಿನಾರನೆಯ ವಯಸ್ಸಿನಲ್ಲಿ ಅವನ ಪಕ್ಕ ಕೂತು ಬೆವರಿದವರು. ಪೆಟ್ರೋಲ್ ಬಂಕಿನಲ್ಲಿ, ಹರಾಜುಕಟ್ಟೆಯಲ್ಲಿ, ಹೆಣ ಇಟ್ಟ ಮನೆಯಲ್ಲಿ ಕೂಡ ಯಾರಾದರೂ ಬಂದು "ರಾಡ್ಕೆ ಸಾರ್, ನನ್ನನ್ನ ಎರಡು ಸಲ ಫೇಲ್ ಮಾಡಿದ್ರಿ" ಎನ್ನುತ್ತಿದ್ದರು, ಎಂದೋ ಮಾಡಿದ ಉಪಕಾರ ನೆನೆಯುವವರಂತೆ. ಅವನು ಲಂಚ ಮುಟ್ಟಲಿಲ್ಲ, ಮುಲಾಜು ನೋಡಲಿಲ್ಲ. ತನ್ನ ಸ್ವಂತ ಹೆಂಡತಿ ಮಾರ್ಜಿಯನ್ನು, ಮದುವೆಗೆ ಎರಡು ತಿಂಗಳಿರುವಾಗ, ಇಂಡಿಕೇಟರ್ ಹಾಕಲಿಲ್ಲವೆಂದು ಫೇಲ್ ಮಾಡಿದ್ದ. ಆ ಕಥೆಯನ್ನು ಮಾರ್ಜಿ ಸಾಯುವ ತನಕ ನಗುತ್ತಲೇ ಹೇಳಿದಳು, ಆದರೆ ಎಷ್ಟು ಸಲ ಹೇಳಿದಳೆಂದರೆ ಅದು ಬರೀ ನಗುವಲ್ಲವೆಂದು ಕೊನೆಕೊನೆಗೆ ಅವನಿಗೂ ಅನುಮಾನ ಬಂದಿತ್ತು.

ಕೆರೆಯ ದಂಡೆಯ ವೀಲ್ಯಾಂಡರ ಸಪ್ಪರ್ ಕ್ಲಬ್ಬಿನ, ಅಂದರೆ ಸಂಜೆಯೂಟದ ಹೋಟೆಲಿನ, ಮುಂದೆ ಕಾರು ನಿಲ್ಲಿಸಿದಾಗ ನಾಲ್ಕೂವರೆ. ಅಕ್ಟೋಬರಿನ ಕೊನೆಯ ಶುಕ್ರವಾರ, ಬಿಸಿಲು ಇನ್ನೂ ಇತ್ತು. ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸಿದ್ದೇನೆಂದು ಅವನಿಗೆ ಅನ್ನಿಸಿತು, ಇಳಿದು ನೋಡುವ ಧೈರ್ಯ ಮಾಡಲಿಲ್ಲ. ಒಳಗೆ ಮೀನು ಕರಿಯುವ ವಾಸನೆ, ಕತ್ತಲೆ, ಮರದ ಗೋಡೆಯ ಮೇಲೆ ಎಂದೋ ಯಾರೋ ಹಿಡಿದು ಹುಲ್ಲು ತುಂಬಿಸಿಟ್ಟ ದೊಡ್ಡ ಮೀನು. ಕಿಟಕಿ ಪಕ್ಕದ ಅದೇ ಮೇಜು. ಮೂಲಂಗಿ, ಸೆಲರಿ ದಂಟು, ಉಪ್ಪಿನಲ್ಲಿ ಹಾಕಿದ ಸೌತೆ ಇಟ್ಟ ತಟ್ಟೆ ಮೊದಲೇ ಬಂದಿತ್ತು. ಕೂತ ಎರಡನೆಯ ನಿಮಿಷಕ್ಕೆ ನಾಲ್ಕು ಬ್ರಾಂಡಿ ಬರಬೇಕು, ಕಿತ್ತಳೆ ಹೋಳು, ಸಕ್ಕರೆ, ಚೆರಿ ಹಾಕಿ ತಳದಲ್ಲಿ ಜಜ್ಜಿದ್ದು. ಅದನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ರೆನೇ ತಂದಿಡುತ್ತಿದ್ದಳು. ಐವತ್ತು ದಾಟಿದ ರೆನೇ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಬಡಿಸುತ್ತಿದ್ದವಳು, ವರ್ನನ್‌ನ ಕೈಯಲ್ಲಿ ಎರಡು ಸಲ ಫೇಲಾದವಳು. ಇವತ್ತು ಅವಳು ಗ್ಲಾಸುಗಳ ಬದಲು ಕೈಯಲ್ಲಿ ಒಂದು ಯಂತ್ರ ಹಿಡಿದು ಬಂದಳು, ಸ್ಲೇಟಿನಷ್ಟು ದೊಡ್ಡದು.

"ಬೈಬೇಡಿ ಮೊದಲೇ ಹೇಳ್ತೀನಿ," ಎಂದಳು. "ನಾಲ್ಕೂ ಜನ ನಿಮ್ಮ ನಿಮ್ಮ ಗುರುತಿನ ಕಾರ್ಡ್ ತೋರಿಸ್ಬೇಕು."

ಗಾರ್ಡಿ ಅವಳನ್ನು ನೋಡಿದ. "ಯಾಕೆ, ನಾವು ಸತ್ತಿದೀವಾ ಇಲ್ವಾ ಅಂತ ನೋಡೋಕಾ?"

"ಇಪ್ಪತ್ತೊಂದು ತುಂಬಿದ್ಯಾ ಅಂತ ನೋಡೋಕೆ."

"ನನಗೆ ಎಂಬತ್ತು. ನಾಲ್ಕು ಸಲ ತುಂಬೋಕೆ ಇನ್ನು ನಾಲ್ಕೇ ವರ್ಷ ಕಣಮ್ಮ."

"ನನಗೆ ಗೊತ್ತಿಲ್ವಾ? ಇದಕ್ಕೆ ಗೊತ್ತಿಲ್ವಲ್ಲ," ಎಂದು ರೆನೇ ಯಂತ್ರವನ್ನು ತಟ್ಟಿದಳು. ಬೇಸಿಗೆಯಲ್ಲಿ ಕೌಂಟಿ ಸರ್ಕಾರದವರು ಹತ್ತೊಂಬತ್ತರ ಒಂದು ಹುಡುಗಿಯನ್ನು ಪರೀಕ್ಷೆಗೆಂದು ಕಳಿಸಿದ್ದರಂತೆ, ಗಲ್ಲಾದ ಹಿಂದಿದ್ದವನು ಕೇಳದೆ ಬಿಯರ್ ಕೊಟ್ಟನಂತೆ, ಯಜಮಾನರಿಗೆ ನೋಟಿಸು ಬಂತಂತೆ. ಈಗ ಕಾರ್ಡು ಉಜ್ಜದೆ ಹೋದರೆ ಯಂತ್ರ ಆರ್ಡರನ್ನೇ ತೆಗೆದುಕೊಳ್ಳುವುದಿಲ್ಲ. "ಮೊನ್ನೆ ಪಾದ್ರಿಗಳನ್ನೂ ಕೇಳ್ದೆ. ನನ್ನ ಅಮ್ಮನ್ನೂ ಕೇಳ್ದೆ. ಅಮ್ಮ ಇನ್ನೂ ಮಾತಾಡಿಸ್ತಿಲ್ಲ."

ಬೆವ್‌ಗೆ ಖುಷಿಯೋ ಖುಷಿ. ಯಾರಾದರೂ ತನ್ನನ್ನು ಇಪ್ಪತ್ತೊಂದು ತುಂಬಿದೆಯೇ ಎಂದು ಕೇಳಿ ಅರ್ಧ ಶತಮಾನ ಕಳೆದಿತ್ತು. ಅವಳು ಚೀಲದಿಂದ ಲೈಸೆನ್ಸ್ ತೆಗೆದು, ರೆನೇ ಕೈಗೆ ಕೊಡುವ ಮೊದಲು ಅದರಲ್ಲಿನ ತನ್ನ ಪಟವನ್ನು ತಾನೇ ನೋಡಿ "ಅಯ್ಯೋ, ಕಳ್ಳಿ ಥರ ಇದೀನಿ" ಎಂದಳು. ಗಾರ್ಡಿ ಅದನ್ನು ಕಸಿದುಕೊಂಡ. ಅಲ್ಲಿಗೆ ಶುರುವಾಯಿತು. ಯಂತ್ರಕ್ಕೆ ಉಜ್ಜಿದ ಕಾರ್ಡು ಮೇಜಿನ ಸುತ್ತ ಕೈಯಿಂದ ಕೈಗೆ ಹೋಗತೊಡಗಿತು, ಪಟ ನೋಡಿ ನಗುವುದಕ್ಕೆ. ಬೆವ್‌ಳ ಪಟ ತನ್ನ ಕೈಗೆ ಬಂದಾಗ ವರ್ನನ್‌ನಿಗೆ ಕಂಡದ್ದು ಕಾರ್ಡಿನ ನಾಲ್ಕು ಅಂಚುಗಳು, ನಡುವೆ ಬೂದು. ಉಳಿದವರು ನಕ್ಕಷ್ಟೇ ಹೊತ್ತು ಅವನೂ ನಕ್ಕು ಮುಂದಕ್ಕೆ ದಾಟಿಸಿದ. ಈ ಆಟ ತನ್ನ ಕಡೆಗೆ ಬರುತ್ತಿದೆ ಎಂಬುದು ಆಗಲೇ ಅವನಿಗೆ ತಿಳಿಯಿತು. ಕೋಟಿನ ಒಳಜೇಬಿನಲ್ಲಿ, ಎದೆಯ ಮೇಲೆ, ಪರ್ಸಿತ್ತು. ಪರ್ಸಿನಲ್ಲಿ ಹೊಸ ಕಾರ್ಡಿತ್ತು. ಅಳತೆ, ಬಣ್ಣ ಎಲ್ಲಾ ಲೈಸೆನ್ಸಿನದೇ, ಮೇಲುಗಡೆ ಎರಡು ಮಾತು ಮಾತ್ರ ಬೇರೆ. ಯಂತ್ರಕ್ಕೆ ಆ ಎರಡು ಮಾತು ಬೇಕಾಗಿಲ್ಲ. ರೆನೇ ಒಬ್ಬಳೇ ನೋಡಿದ್ದರೆ ಕೊಟ್ಟುಬಿಡಬಹುದಿತ್ತು.

ಆರ್ಲಿಸ್ ತನ್ನದನ್ನು ಕೊಟ್ಟಳು. ಅವಳ ಪಟ ಚೆನ್ನಾಗಿಯೇ ಇದ್ದಿರಬೇಕು, ಯಾರೂ ನಗಲಿಲ್ಲ. ಗಾರ್ಡಿಗೆ ಅದು ಸಾಲದೆ ಕಾರ್ಡನ್ನು ದೀಪದ ಕಡೆ ಹಿಡಿದು ತಿರುಗಿಸಿದ. "ಇದು ಲೈಸೆನ್ಸೇ ಅಲ್ವಲ್ಲ. ಬರೀ ಗುರುತಿನ ಚೀಟಿ. ಇದು ನಡ್ಕೊಂಡು ಹೋಗೋರ ಕಾರ್ಡು, ರೆನೇ. ಇದಕ್ಕೆ ಬ್ರಾಂಡಿ ಕೊಡ್ತೀರೋ, ಬರೀ ಹಾಲು ಕೊಡ್ತೀರೋ?"

"ಕೊಡಿ ಇಲ್ಲಿ," ಎಂದಳು ಆರ್ಲಿಸ್. ನಗುತ್ತಲೇ ಅಂದಳು. ಆದರೆ ಕಾರ್ಡನ್ನು ಚೀಲಕ್ಕೆ ಹಾಕುವಾಗ ಅದರ ಮುಖವನ್ನು ಒಳಗಡೆ ಮಾಡಿ ಹಾಕಿದಳು.

ರೆನೇ ವರ್ನನ್‌ನ ಕಡೆ ತಿರುಗಿ "ನಿಮ್ಮದು ಸಾರ್" ಎಂದಾಗ ಅವನ ಕೈ ಕೋಟಿನೊಳಗೆ ಹೋಗಿ, ಪರ್ಸನ್ನು ಮುಟ್ಟಿ, ಬರಿದಾಗಿ ಹೊರಗೆ ಬಂತು. ಪ್ಯಾಂಟಿನ ಜೇಬುಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ತನ್ನ ಎದುರು ಇಂಥ ನಾಟಕ ಆಡಿದ ನೂರಾರು ಜನರನ್ನು ಕಂಡಿದ್ದನಾದ್ದರಿಂದ ಎಲ್ಲಿ ತಡೆಯಬೇಕು, ಎಲ್ಲಿ ಹುಬ್ಬು ಗಂಟಿಕ್ಕಬೇಕು ಎಂಬುದು ಸಲೀಸಾಗಿ ಬಂತು. "ಪರ್ಸು ಮನೇಲೇ ಬಿಟ್ಟು ಬಂದಿದೀನಿ ಅನ್ಸುತ್ತೆ," ಎಂದ.

ಗಾರ್ಡಿ ಮೇಜು ಗುದ್ದಿದ. "ಅಂದ್ರೆ ಲೈಸೆನ್ಸ್ ಇಲ್ದೆ ಓಡಿಸ್ಕೊಂಡು ಬಂದ್ಯೇನೋ? ನೀನು? ರಾಡ್ಕೆ ಸಾರು?" ಬೆವ್ ನಕ್ಕು ನಕ್ಕು ಕರವಸ್ತ್ರ ತೆಗೆದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು, ಅವರಲ್ಲೊಬ್ಬ "ಸಾರ್, ನನ್ನನ್ನ ಮೂರು ಸಲ" ಎಂದು ಶುರುಮಾಡಿದ. ಇಷ್ಟು ಜೋರಾಗಿ, ಇಷ್ಟು ಜನರೆದುರು ತನ್ನ ಗುಟ್ಟನ್ನು ಒಬ್ಬರು ಅಕ್ಷರ ಬಿಡದೆ ಹೇಳುತ್ತಿದ್ದರೂ ಯಾರೂ ನಂಬುತ್ತಿಲ್ಲವಲ್ಲ ಎಂದು ವರ್ನನ್‌ನಿಗೆ ದಿಗಿಲೂ ಸಮಾಧಾನವೂ ಒಟ್ಟಿಗೇ ಆದವು. ಮೂವತ್ತೊಂದು ವರ್ಷ ಸಂಪಾದಿಸಿದ ಒಳ್ಳೆಯ ಹೆಸರು ಹೀಗೆ ಕೆಲಸಕ್ಕೆ ಬಂತು.

ರೆನೇ ನಿಜಕ್ಕೂ ನೊಂದುಕೊಂಡಳು. ಯಜಮಾನರನ್ನು ಕೇಳಿ ಬರುತ್ತೇನೆಂದು ಹೋದಳು. ವಾಪಸು ಬಂದಾಗ ತಟ್ಟೆಯಲ್ಲಿ ಮೂರು ಬ್ರಾಂಡಿ, ಜೊತೆಗೆ ಎತ್ತರದ ಒಂದು ಗ್ಲಾಸಿತ್ತು. ಅದರಲ್ಲಿ ಸೋಡಾ, ಕೆಂಪು ಶರಬತ್ತು, ಮೇಲೆ ಎರಡು ಚೆರಿ, ಕಡ್ಡಿಗೆ ಚುಚ್ಚಿದ ಪುಟ್ಟ ಕಾಗದದ ಕೊಡೆ. ಅಲ್ಲಿ ಊಟಕ್ಕೆ ಬರುವ ಮಕ್ಕಳಿಗೆ, ದೊಡ್ಡವರು ಕುಡಿಯುವಾಗ ತಾವೂ ಕುಡಿದೆವೆನ್ನಿಸಲಿ ಎಂದು ಕೊಡುವ ಗ್ಲಾಸು ಅದು. "ಯಜಮಾನ್ರು ಒಪ್ಪಲಿಲ್ಲ ಸಾರ್. ಇದಕ್ಕೆ ದುಡ್ಡಿಲ್ಲ, ನನ್ನ ಲೆಕ್ಕ," ಎಂದಳು. ಇದಕ್ಕೆ ದುಡ್ಡಿಲ್ಲ. ಆ ಮಾತು ಕೇಳಿದೊಡನೆ ವರ್ನನ್ ಮೇಜಿನಿಂದ ಎದ್ದು ಹೋದಂತಾಯಿತು, ಎದ್ದದ್ದು ಯಾರಿಗೂ ಕಾಣಲಿಲ್ಲ ಅಷ್ಟೆ.

ಇವತ್ತೇ ಬದಲಾಯಿಸಿ ಕೊಡುತ್ತೇವೆ, ಇದಕ್ಕೆ ದುಡ್ಡಿಲ್ಲ. ಮೂರು ವಾರದ ಕೆಳಗೆ ಲೈಸೆನ್ಸ್ ಆಫೀಸಿನಲ್ಲಿ, ದೃಷ್ಟಿ ಪರೀಕ್ಷೆಯ ಪೆಟ್ಟಿಗೆಯಿಂದ ಅವನು ಹಣೆ ಎತ್ತಿದಾಗ ಕೌಂಟರಿನ ಹುಡುಗಿ ಹೇಳಿದ ಮಾತು ಅದು. ಹುಡುಗಿಯನ್ನು ಕೆಲಸಕ್ಕೆ ತಯಾರು ಮಾಡಿದವನು ಅವನೇ, ಅವಳಿಗೀಗ ನಲವತ್ತಾಗಿದ್ದರೂ ಹುಡುಗಿಯೇ. ಆ ವಾಕ್ಯವನ್ನು ಕಟ್ಟಿದವನೂ ಅವನೇ. ಲೈಸೆನ್ಸ್ ಕಳೆದುಕೊಂಡ ಮುದುಕರು ಕೌಂಟರಿನಲ್ಲಿ ಕೂಗಾಡುವುದು, ಅಳುವುದು ಹೆಚ್ಚಾಗಿದ್ದ ಒಂದು ವರ್ಷ, ಯೋಚನೆ ಮಾಡಿ, ಏನನ್ನು ಕಿತ್ತುಕೊಂಡೆವೆಂದು ಹೇಳದೆ ಏನನ್ನು ಕೊಡುತ್ತೇವೆಂದು ಮಾತ್ರ ಹೇಳುವ ಹಾಗೆ ಬರೆದು, ಟೈಪು ಮಾಡಿಸಿ, ಎಲ್ಲಾ ಕೌಂಟರುಗಳ ಒಳಮೈಗೆ ಅಂಟಿಸಿದ್ದ. ಹುಡುಗಿ ಅದನ್ನು ಓದಲಿಲ್ಲ, ಬಾಯಿಪಾಠವಾಗಿತ್ತು. ಅವಳು ಹೇಳಿದ ರೀತಿ ಸರಿಯಾಗಿಯೇ ಇತ್ತು, ಹತ್ತಕ್ಕೆ ಒಂಬತ್ತು ಕೊಡಬಹುದಾಗಿತ್ತು. "ನಿಮ್ಮ ಜೊತೆ ಯಾರಾದ್ರೂ ಬಂದಿದಾರಾ ಸಾರ್, ಮನೆಗೆ ಬಿಡೋಕೆ?" ಎಂದು ಕೇಳಿದಳು. ಅದೂ ಅವನೇ ಸೇರಿಸಿದ ಪ್ರಶ್ನೆ. "ತಮ್ಮ ಹೊರಗೆ ಕಾರಲ್ಲಿ ಕೂತಿದಾನೆ," ಎಂದಿದ್ದ ವರ್ನನ್. ತಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಪಟ ತೆಗೆಯುವಾಗ ನಗಬಹುದು ಸಾರ್ ಎಂದಳು. ಅವನು ನಕ್ಕ.

"ಕೊಡೆ ತೆಗೀಬೇಡ ಕಣೋ, ಮಳೆ ಬಂದ್ರೆ ಬೇಕಾಗುತ್ತೆ," ಎನ್ನುತ್ತಿದ್ದ ಗಾರ್ಡಿ. ವರ್ನನ್ ಕೆಂಪು ನೀರು ಹೀರಿದ. ಹಲ್ಲು ಜುಮ್ಮೆನ್ನುವಷ್ಟು ಸಿಹಿ. ಕಿಟಕಿಯ ಆಚೆ ಕೆರೆಯ ಮೇಲೆ ಬಿಸಿಲು ಹಳದಿಯಾಗಿತ್ತು, ಅವನು ಅದನ್ನೇ ಆಗಾಗ ಓರೆಯಲ್ಲಿ ನೋಡಿ ಲೆಕ್ಕ ಹಾಕಿದ. ಐದೂಕಾಲಿಗೆ ಹೊರಟರೆ ಬೆಳಕಿರುತ್ತದೆ. ಮೀನು ಬೇಗ ಬಂದರೆ, ಬೆವ್ ಕೊನೆಗೆ ಸಿಹಿ ಕೇಳದಿದ್ದರೆ, ಗಾರ್ಡಿ ಗಲ್ಲಾದವನ ಜೊತೆ ಹರಟೆಗೆ ನಿಲ್ಲದಿದ್ದರೆ. ಹೋದ ಎರಡು ಶುಕ್ರವಾರವೂ ಹೀಗೆಯೇ ದಾಟಿತ್ತು. ಆದರೆ ಇವತ್ತು ತಾನು ಆಡಿದ ಸುಳ್ಳಿಗೆ ಇನ್ನೊಂದು ಬಾಲವಿದೆಯೆಂಬುದು ಅವನಿಗೆ ಹೊಳೆದಿರಲಿಲ್ಲ.

"ರೆನೇ, ಇನ್ನೊಂದು ಸುತ್ತು ತಾಮ್ಮಾ," ಎಂದ ಗಾರ್ಡಿ. "ವರ್ನ್ ಇವತ್ತು ಒಂದು ತೊಟ್ಟೂ ಮುಟ್ಟಿಲ್ಲ. ಇಂಥಾ ಡ್ರೈವರ್ ದಿನಾ ಸಿಗ್ತಾನಾ?"

"ನನಗೂ," ಎಂದಳು ಬೆವ್. ಆರ್ಲಿಸ್ ಕೂಡ, ಎಂದೂ ಒಂದರಾಚೆ ಹೋಗದವಳು, "ಆಗಲಿ, ವರ್ನ್ ಇದಾನಲ್ಲ," ಎಂದಳು. ಮೂವರೂ ತಮ್ಮ ಜೀವವನ್ನು ಅವನ ಎಚ್ಚರದ ಮೇಲೆ ಇಟ್ಟು ನೆಮ್ಮದಿಯಾಗಿ ಕುಡಿದರು. ಸುರಕ್ಷತೆಗಾಗಿ ಹುಟ್ಟಿದ ನಿಯಮವೊಂದು ಮೇಜಿನ ಸುತ್ತ ಕೂತವರಲ್ಲಿ ಕುರುಡನೊಬ್ಬನನ್ನೇ ಹುಡುಕಿ ಡ್ರೈವರ್ ಎಂದು ಪಟ್ಟ ಕಟ್ಟಿತಲ್ಲ ಎಂದು ವರ್ನನ್‌ನಿಗೆ ಅನ್ನಿಸಿತು. ಬೇರೆ ಯಾರ ವಿಷಯದಲ್ಲಾದರೂ ಆಗಿದ್ದರೆ ಒಳ್ಳೆಯ ಕಥೆ ಎಂದು ಮನೆಮನೆಗೆ ಹೋಗಿ ಹೇಳುತ್ತಿದ್ದ. ಕರಿದ ಮೀನು ಬಂತು, ಎಲೆಕೋಸಿನ ಪಚ್ಚಡಿ ಬಂತು, ಆಲೂಗಡ್ಡೆ ದೋಸೆ ಬಂತು. ಬೆವ್ ಸಿಹಿ ಕೇಳಿದಳು. ಆರ್ಲಿಸ್ ತನ್ನ ತಟ್ಟೆಯಿಂದ ಮೀನಿನ ದೊಡ್ಡ ತುಂಡೊಂದನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು. ಮಾತಿಲ್ಲದೆ, ಮನೆಯವರಿಗೆ ಹಾಕುವ ಹಾಗೆ ಹಾಕಿದಳು, ಮತ್ತು ಅವನಿಗೆ ಡೆಲ್ಮರ್ ನೆನಪಾದ.

ನೆನಪಾದ ಎನ್ನುವುದು ಸುಳ್ಳು. ಡೆಲ್ಮರ್ ಅವನ ಮನಸ್ಸಿನಿಂದ ಎದ್ದು ಹೋದ ಶುಕ್ರವಾರವೇ ಇರಲಿಲ್ಲ. ಹನ್ನೆರಡು ವರ್ಷದ ಕೆಳಗೆ, ವರ್ನನ್‌ನ ನೌಕರಿಯ ಕೊನೆಯ ಚಳಿಗಾಲದಲ್ಲಿ, ಡೆಲ್ಮರ್ ಹಾಫ್‌ಸ್ಟಡ್ ಲೈಸೆನ್ಸ್ ನವೀಕರಣಕ್ಕೆ ಬಂದಿದ್ದ. ಇಬ್ಬರೂ ಒಂದೇ ತಂಡದಲ್ಲಿ ಬೌಲಿಂಗ್ ಆಡಿದವರು. ಡೆಲ್ಮರ್ ಪರೀಕ್ಷೆಯುದ್ದಕ್ಕೂ ಹರಟುತ್ತಾ, ಲೂಥರನ್ ಚರ್ಚಿನ ಮೂಲೆಯಲ್ಲಿ ನಿಲ್ಲು ಎಂಬ ಕೆಂಪು ಫಲಕವನ್ನು ಹರಟುತ್ತಲೇ ದಾಟಿದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ವರ್ನನ್ ಬರೆದ. ಮುಂದಿನ ಮೂಲೆಯಲ್ಲೂ ದಾಟಿದ. ವರ್ನನ್ ಅದನ್ನೂ ಬರೆದ, ಕೆಳಗೆ ಷರಾ ಹಾಕಿದ: ತನಗೂ ಇತರರಿಗೂ ಅಪಾಯ. ಕೌಂಟರಿಗೆ ಬಂದು, ಇವತ್ತೇ ಬದಲಾಯಿಸಿ ಕೊಡುತ್ತೇವೆ, ಇದಕ್ಕೆ ದುಡ್ಡಿಲ್ಲ ಎಂದ. ಡೆಲ್ಮರ್ ಅವನನ್ನು ನೋಡಿ, "ಬೇಡಪ್ಪ, ನೀನೇ ಇಟ್ಕೋ," ಎಂದು ಹೊರಟುಹೋದ. ಆಮೇಲೆ ನಾಲ್ಕು ವರ್ಷ ಅವನು ಪ್ರತಿ ಬೆಳಿಗ್ಗೆ ಕಾಫಿ ಲೋಟ, ಪತ್ರಿಕೆ ಹಿಡಿದು ಗ್ಯಾರೇಜಿಗೆ ಹೋಗಿ, ನಿಂತ ಕಾರಿನಲ್ಲಿ ಸ್ಟಿಯರಿಂಗಿನ ಮುಂದೆ ಕೂತು ಓದುತ್ತಿದ್ದನಂತೆ. ಅಲ್ಲೇ ಸತ್ತ. ಮಾಡಿದ್ದು ತಪ್ಪಾಗಿದ್ದರೆ ವರ್ನನ್ ಎಂದೋ ಆರ್ಲಿಸಳ ಮುಂದೆ ಹೋಗಿ ಕ್ಷಮಿಸು ಎನ್ನುತ್ತಿದ್ದ. ಸರಿಯಾದದ್ದನ್ನು ಮಾಡಿದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ. ಫಾರಮಿನ ಕೆಳಗೆ ಅವನ ಸಹಿಯಿತ್ತು.

ಎದ್ದಾಗ ಐದೂ ಮುಕ್ಕಾಲು. ಗಾರ್ಡಿ ನಿರೀಕ್ಷೆಯಂತೆ ಗಲ್ಲಾದ ಬಳಿ ನಿಂತ, ಬೆವ್ ಬಚ್ಚಲಿಗೆ ಹೋದಳು. "ನಾವು ಹೋಗಿ ಕಾರು ಬೆಚ್ಚಗೆ ಮಾಡೋಣ," ಎಂದಳು ಆರ್ಲಿಸ್. ಹೊರಗೆ ಬೆಳಕು ಅರ್ಧ ಸತ್ತಿತ್ತು. ಕಾರು ಎರಡು ಗೆರೆಗಳ ನಡುವೆ ಇರಲಿಲ್ಲ, ಒಂದು ಗೆರೆಯ ಮೇಲೇ ನಿಂತಿತ್ತು. ಅವನು ಅವಳಿಗೆ ಬಾಗಿಲು ತೆಗೆದ, ಸುತ್ತಿ ಬಂದು ಕೂತ, ಚಾಲೂ ಮಾಡಿ ದೀಪ ಹಾಕಿದ. ಮುಖವನ್ನು ಬಲಕ್ಕೆ ತಿರುಗಿಸಿದ. ಕಲೆ ಬಲಕ್ಕೆ ಸರಿಯಿತು, ಆರ್ಲಿಸಳ ಮುಖವನ್ನು ಎಂದಿನಂತೆ ನುಂಗಿತು. ಆದರೆ ಎಡದ ಅಂಚಿನಲ್ಲಿ ಏನೂ ಮೂಡಲಿಲ್ಲ. ಗೆರೆಯಿಲ್ಲ, ಬೇಲಿಯಿಲ್ಲ, ಬರೀ ಮಸಕು. ಹದಿನಾಲ್ಕು ಮೈಲಿ, ಜಿಂಕೆಗಳು ರಸ್ತೆಗೆ ಬರುವ ಕಾಲ. ಇನ್ನು ಐದು ನಿಮಿಷಕ್ಕೆ ಗಾರ್ಡಿ ಬಂದು ಹಿಂದೆ ಕೂತು ತಮಾಷೆ ಶುರುಮಾಡುತ್ತಾನೆ, ಆಮೇಲೆ ಹೇಳಲಾಗುವುದಿಲ್ಲ, ಹೇಳದೆ ಓಡಿಸುತ್ತೇನೆ ಎಂಬುದು ಅವನಿಗೆ ತನ್ನ ಕೈ ಬೆರಳಿನಷ್ಟು ಸ್ಪಷ್ಟವಾಗಿ ಗೊತ್ತಾಯಿತು. ತನ್ನ ಪಕ್ಕ ಪರೀಕ್ಷಕನೊಬ್ಬ ಕೂತಿದ್ದರೆ ಏನು ಬರೆಯುತ್ತಿದ್ದನೆಂಬುದೂ ಗೊತ್ತಿತ್ತು. ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದ. ಒಳಜೇಬಿನಿಂದ ಪರ್ಸು ತೆಗೆದು, ಕಾರ್ಡು ತೆಗೆದು, ಆರ್ಲಿಸಳ ಮಡಿಲಲ್ಲಿಟ್ಟ.

ಅವಳು ಮೇಲಿನ ದೀಪ ಹಾಕಿ ಕಾರ್ಡನ್ನು ದೂರ ಹಿಡಿದು ನೋಡಿದಳು. "ಇದು ನನ್ನದಲ್ವಾ, ಎಲ್ಲಿ ಬಿತ್ತು?" ಎಂದಳು. ಆಮೇಲೆ ಪಟ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾವಾಗ?"

"ಮೂರು ವಾರ ಆಯ್ತು."

"ಡೆಲ್ಮರ್‌ಗೆ ನೀನು ಕೊಡೋಕೆ ಹೋದದ್ದೂ ಇದೇ."

"ಆರ್ಲಿಸ್, ಅವತ್ತು ನಾನು..."

"ಅವತ್ತಿನದು ಬಿಡು. ನೀನು ಮಾಡಿದ್ದು ಸರಿ. ಅವನು ಆ ಬೋರ್ಡು ದಾಟೋದನ್ನ ಪಕ್ಕದಲ್ಲಿ ಕೂತು ನಾನೆಷ್ಟು ಸಲ ನೋಡಿದೀನೋ. ಮನೆಗೆ ಬಂದು ಏನಂದ ಗೊತ್ತಾ? ಹೆಂಗಸರ ಕಾರ್ಡು ಕೊಡೋಕೆ ಬಂದಿದ್ರು ಅಂದ. ಪೆಟ್ರೋಲು ದುಬಾರಿ ಅಂತ ಕಾರ್ ನಿಲ್ಸಿದಾರೆ ಅಂತ ಎಲ್ಲರಿಗೂ ಹೇಳು ಅಂದ. ನಾಲ್ಕು ವರ್ಷ ಹೇಳ್ದೆ. ಪಾದ್ರಿಗೂ ಹೇಳ್ದೆ." ಅವಳು ಕಾರ್ಡಿನ ಅಂಚನ್ನು ಅವನ ತೋಳಿಗೆ ತಾಗಿಸಿದಳು. "ನನಗೆ ಸಿಟ್ಟು ಬಂದಿರೋದು ಇದಕ್ಕೆ. ಮದುವೆಯಾದ ವರ್ಷದಿಂದ, ಐವತ್ತಾರು ವರ್ಷ, ಈ ಕಾರ್ಡು ನನ್ನ ಚೀಲದಲ್ಲಿದೆ. ಬ್ಯಾಂಕಲ್ಲಿ ತೋರಿಸ್ತೀನಿ, ಆಸ್ಪತ್ರೆಲಿ ತೋರಿಸ್ತೀನಿ. ಇದನ್ನ ಒಂದು ಸಲ ತೋರಿಸೋದಕ್ಕಿಂತ ಮೂರು ಜನರನ್ನ ಕರ್ಕೊಂಡು ಹೋಗಿ ಮರಕ್ಕೆ ಗುದ್ದೋದು ವಾಸಿ ಅನ್ನಿಸ್ತಾ ನಿನಗೆ? ಅಷ್ಟು ನಾಚಿಕೆಗೇಡಾ ಇದು?"

ಅವನಿಗೆ ನಾಚಿಕೆಯಾಯಿತು, ಕಣ್ಣಿಗಾಗಿ ಅಲ್ಲ, ಕಾರ್ಡಿಗಾಗಿಯೂ ಅಲ್ಲ. ಒಳಗೆ ಮೇಜಿನ ಬಳಿ ಗಾರ್ಡಿ ತಮಾಷೆ ಮಾಡಿದಾಗ ಅವಳು ಕಾರ್ಡನ್ನು ಮುಖ ಒಳಗೆ ಮಾಡಿ ಚೀಲಕ್ಕೆ ಹಾಕಿದ್ದನ್ನು ತಾನು ಕಂಡಿದ್ದೆ, ಕಂಡೂ ತನ್ನ ಬಗ್ಗೆ ಮಾತ್ರ ಯೋಚಿಸಿದೆ ಎಂದು.

"ಕಣ್ಣಿಗೆ ಏನಾಗಿದೆ?" ಎಂದಳು.

"ನೋಡಿದ್ದು ಕಾಣಲ್ಲ. ಅದರ ಪಕ್ಕದ್ದು ಕಾಣುತ್ತೆ."

"ಯಾವಾಗಿಂದ?"

"ಜೂನ್‌ನಿಂದ."

ಆರ್ಲಿಸ್ ಜೂನ್ ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡಳು. ಮುಂದಿನ ಗಾಜಿನ ಮೇಲಿದ್ದ ಪುಟ್ಟ ಕನ್ನಡಿಯನ್ನು ಇಳಿಸಿ ನೋಡಿದಳು, ಎತ್ತಿಟ್ಟಳು. "ಹಾಗಾದ್ರೆ ಇಷ್ಟು ದಿನ ನೀನು ನೋಡ್ತಿದ್ದದ್ದು ರೋಡು."

ಅಲ್ಲ ಎಂದುಬಿಡಬಹುದಿತ್ತು. ಆ ದಿನ ಅವನು ಆಡಬಹುದಾಗಿದ್ದ ಸುಳ್ಳುಗಳಲ್ಲಿ ಇನ್ನೊಬ್ಬರಿಗೆ ಉಪಕಾರವಾಗುವಂಥದು ಅದೊಂದೇ. "ಹೂಂ," ಎಂದ.

ಅವಳು ಕಾರ್ಡನ್ನು ಅವನ ಕೈಗೆ ಹಿಂದಿರುಗಿಸಿ, ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡಳು. ಕಾರಿನಿಂದ ಇಳಿದು, ಅವನಿಗಾಗಿ ಕಾಯದೆ, ಕ್ಲಬ್ಬಿನ ಬಾಗಿಲ ಕಡೆ ನಡೆದಳು. ಅವನು ಅವಳ ಹೆಜ್ಜೆಯ ಸದ್ದು ಹಿಡಿದು ಹಿಂದೆ ಹೋದ.

ಬಾಗಿಲಲ್ಲೇ ಗಾರ್ಡಿ, ಬೆವ್ ಎದುರಾದರು. "ಏನೋ ಮರೆತ್ರಾ?" ಎಂದ ಗಾರ್ಡಿ. ವರ್ನನ್ ಒಳಗೆ ಹೋಗಿ, ಇನ್ನೂ ತೆಗೆಯದ ತಟ್ಟೆಗಳ ನಡುವೆ, ಪಟ ಮೇಲಾಗಿ ಕಾರ್ಡನ್ನಿಟ್ಟ. ಹಿಂದೆಯೇ ಬಂದ ಗಾರ್ಡಿ ಬಗ್ಗಿ ಓದಿದ. ಬೆವ್ ಮೊದಲು ಕಾರ್ಡನ್ನು, ಆಮೇಲೆ ಕಿಟಕಿಯಾಚೆ ಕಾರನ್ನು, ಆಮೇಲೆ ತಾನು ಎರಡು ಸಲ ಬರಿದು ಮಾಡಿದ ಗ್ಲಾಸನ್ನು ನೋಡಿ ಕುರ್ಚಿಯ ಮೇಲೆ ಕುಸಿದಳು.

"ನಡ್ಕೊಂಡು ಹೋಗೋರ ಕಾರ್ಡು," ಎಂದ ವರ್ನನ್. "ಇದಕ್ಕೆ ಬ್ರಾಂಡಿ ಕೊಡ್ತಾರೋ, ಹಾಲು ಕೊಡ್ತಾರೋ ಕೇಳು."

ಗಾರ್ಡಿ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನನಗೆ ಹೇಳ್ಬಾರದಿತ್ತೇನೋ," ಎಂದಷ್ಟೇ ಅಂದ. ಅವನ ಧ್ವನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ.

ರೆನೇ ಬಂದು ಕಾರ್ಡನ್ನು ಎತ್ತಿಕೊಂಡಳು. ಓದಿದಳು, ವರ್ನನ್‌ನ ಮುಖ ನೋಡಿದಳು. ಯಂತ್ರಕ್ಕೆ ಉಜ್ಜಿದಳು. ಯಂತ್ರ ಸಣ್ಣಗೆ ಕೂಗಿ ಹಸಿರು ದೀಪ ತೋರಿಸಿತು. ಓಡಿಸಬಲ್ಲೆಯಾ, ಕಾಣುತ್ತದೆಯಾ, ಯಾರನ್ನು ಫೇಲ್ ಮಾಡಿದ್ದೆ ಎಂದೇನೂ ಅದು ಕೇಳಲಿಲ್ಲ, ಹುಟ್ಟಿ ಸಾಕಷ್ಟು ದಿನವಾಯಿತೇ ಎಂದಷ್ಟೇ ಕೇಳಿತು, ಆ ವಿಷಯದಲ್ಲಿ ಅವನು ಪಾಸಾದ. "ಏಳು ಗಂಟೆಗೆ ನನ್ನ ಸರದಿ ಮುಗಿಯುತ್ತೆ," ಎಂದಳು ರೆನೇ, ಬ್ರಾಂಡಿ ತಂದಿಡುತ್ತಾ. "ನಿಮ್ಮ ಕಾರಲ್ಲೇ ಎಲ್ಲರನ್ನೂ ಬಿಡ್ತೀನಿ, ನಮ್ಮನೆಯವರು ಹಿಂದೆ ಬರ್ತಾರೆ. ಪಕ್ಕದಲ್ಲಿ ಮಾತ್ರ ಕೂರ್ಬೇಡಿ ಸಾರ್. ನೀವು ಪಕ್ಕದಲ್ಲಿ ಕೂತ್ರೆ ನನಗೆ ಈಗಲೂ ಕೈ ನಡುಗುತ್ತೆ."

ಬ್ರಾಂಡಿ ಗಂಟಲು ಸುಡುತ್ತಾ ಇಳಿಯಿತು. ಎದುರಿಗೆ ಆರ್ಲಿಸ್ ಕೂತಿದ್ದಳು, ಅಂದರೆ ಎದುರಿಗೆ ಬೂದು ಕಲೆ ಕೂತಿತ್ತು. ವರ್ನನ್ ಮುಖವನ್ನು ಬಲಕ್ಕೆ ತಿರುಗಿಸಿ ಗೋಡೆಯ ಮೇಲಿನ ಹುಲ್ಲು ತುಂಬಿದ ಮೀನಿನ ಮೇಲೆ ಕಣ್ಣು ನೆಟ್ಟ. ಮೀನು ಮಾಯವಾಯಿತು. ಎಡದ ಅಂಚಿನಲ್ಲಿ, ಕಿಟಕಿಗೆ ಇತ್ತ, ಕತ್ತರಿಸಿದ ಬಿಳಿ ಕೂದಲು ಕಂಡಿತು, ಕಿವಿ ಕಂಡಿತು, ಆಮೇಲೆ ಕೆನ್ನೆ. ತುಟಿಯನ್ನು ಸರಿಯಾಗಿ ಒರೆಸಿಕೊಂಡಿರಲಿಲ್ಲ, ಒಂದು ಮೂಲೆಯಲ್ಲಿ ಕೆಂಪು ಉಳಿದಿತ್ತು. ಅತ್ತಿದ್ದಳೋ ಏನೋ. ಜೂನ್ ತಿಂಗಳಿಂದ ಈಚೆಗೆ ಅವನು ಆ ಮುಖವನ್ನು ನೋಡುತ್ತಿದ್ದದ್ದು ಇದೇ ಮೊದಲು.

"ಅಲ್ಲಿ ಆ ಸತ್ತ ಮೀನಲ್ಲಿ ಅಂಥಾದ್ದೇನಿದೆ?" ಎಂದಳು ಆರ್ಲಿಸ್. ಅವಳ ಧ್ವನಿ ಇನ್ನೂ ಮೆತ್ತಗಾಗಿರಲಿಲ್ಲ.

"ಮೀನನ್ನ ನೋಡ್ತಿಲ್ಲ," ಎಂದ ಅವನು, ಮೀನಿನಿಂದ ಕಣ್ಣು ಕೀಳದೆ.

ಗ್ಲಾಸಿನಲ್ಲಿ ಮಂಜುಗಡ್ಡೆ ಸದ್ದು ಮಾಡಿತು. ಅವಳು ಮೀನನ್ನು ನೋಡಿದಳು, ಅವನ ತಿರುಗಿದ ಮುಖವನ್ನು ನೋಡಿದಳು.

"ಎಲ್ಲಿ ಕೂತ್ರೆ ಕಾಣ್ತೀನಿ?"

"ಕಿಟಕಿ ಕಡೆ," ಎಂದ ವರ್ನನ್. "ಇನ್ನೂ ಸ್ವಲ್ಪ. ಇನ್ನೊಂದು ಚೂರು."

ಆರ್ಲಿಸ್ ಎದ್ದು, ಎರಡೂ ಕೈಯಲ್ಲಿ ಕುರ್ಚಿ ಹಿಡಿದು, ಅವನು ಸಾಕು ಎನ್ನುವ ತನಕ ಸರಿಸಿದಳು.